ಓದಿದರೆ ಹೋಗುವ ಜಾಗ

ಆರನೇ ತಂಪುಕೇರಿ, ಕೊಪ್ಪಳದ ಬಂಡೆಗಳ ಕೆಳಗೆ
ವೈಶಾಖದ ನಲವತ್ತೊಂದನೇ ದಿನ, ಕೇರಿಗೆ ಇಳಿದ ನೂರಾ ಎಂಬತ್ತೆಂಟನೇ ವರ್ಷ

ಮುಂದೆ ಈ ನಕಲುಮನೆಯ ಕೀಲಿ ಹಿಡಿಯುವವರಿಗೆ ಹುಲಿಗೆವ್ವನ ನಮಸ್ಕಾರ.

ವೈಶಾಖಕ್ಕೆ ನಲವತ್ತೊಂದು ದಿನ ಎಲ್ಲಿಂದ ಬಂತು ಎಂದು ನಗಬೇಡಿ. ಬಿಸಿಲು ಮುಗಿಯುವ ತನಕ ತಿಂಗಳು ಮುಗಿಸಬಾರದೆಂಬುದು ನಮ್ಮ ಹಿರಿಯರ ಹಟ. ನನ್ನ ಮಾತುಗಳಲ್ಲಿ ಅರ್ಧ ನಿಮ್ಮ ಕಾಲಕ್ಕೆ ಸವೆದುಹೋಗಿರುತ್ತವೆ. ಕ್ಷಮಿಸಿ, ನನಗೆ ಬೇರೆ ಮಾತು ಬರುವುದಿಲ್ಲ. ವಯಸ್ಸು ಎಪ್ಪತ್ತಾರು, ಹೊಸದು ಕಲಿಯುವ ಉಮೇದೂ ಇಲ್ಲ.

ನಾವು ವರ್ಷದಲ್ಲಿ ಏಳು ತಿಂಗಳು ನೆಲದ ಕೆಳಗಿರುವ ಜನ. ಬಂಡೆ ಕೊರೆದು ಮಾಡಿದ ಓಣಿಗಳಿಗೆ ತಂಪುಕೇರಿ ಎನ್ನುತ್ತೇವೆ. ಬೆಳಗ್ಗೆ ಹೆಂಗಸರು ಮೇಲೆ ಹೋಗಿ ಸಂಡಿಗೆ ಹರವಿ ಮುಖ ತೊಳೆಯುವುದರೊಳಗೆ ಅವು ಒಣಗಿರುತ್ತವೆ. ಬಾಚಿಕೊಂಡು ಓಡಿ ಬರುತ್ತಾರೆ. ಕೆಳಗೆ ರೊಟ್ಟಿ ಬಡಿಯುವ ಸಪ್ಪಳ ಮೂರು ಓಣಿ ದಾಟಿ ಕೇಳುತ್ತದೆ, ಹಾಗಾಗಿ ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ ಎಂಬುದನ್ನು ಇಲ್ಲಿ ಮುಚ್ಚಿಡಲಾಗುವುದಿಲ್ಲ. ಗಾಳಿ ಕೊಳವೆಗಳಿಂದ ಬರುತ್ತದೆ. ಕೊಳವೆ ಕಟ್ಟಿದರೆ ಒಳಗಿಳಿದು ತೆರವು ಮಾಡುವವರು ಗಾಳಿಯಾಳುಗಳು. ಅವರ ಸೊಂಟದಲ್ಲಿ ಒಂದು ಕೂಗುಡಬ್ಬಿ. ಅದರಲ್ಲಿ ಆಡಿದ ಮಾತು ಕೇರಿಯ ಕೂಗುಯಂತ್ರಕ್ಕೆ ಬಂದು ಸೇರುತ್ತದೆ.

ನನ್ನ ಮಗಳು ದುರುಗವ್ವ ಗಾಳಿಯಾಳಾಗಿದ್ದಳು. ಕೆಲಸ ಮುಗಿಸಿ ಬಂದವಳೇ ಹೊಸ್ತಿಲಲ್ಲಿ ನಿಂತು "ಯವ್ವಾ" ಎಂದು ಕೂಗುವಳು. ನಾನು ಕಡತದಲ್ಲಿ ಮುಳುಗಿ ಓ ಎನ್ನುತ್ತಿರಲಿಲ್ಲ. ಎರಡನೇ ಸಲ ಕೂಗುವಳು, ಮೂರನೇ ಸಲ ಕೂಗುವಳು. "ಒಂದ ಸಲಕ್ಕ ಓ ಅಂದ್ರ ನಿನ್ನ ಗಂಟೇನು ಹೊಕ್ಕೈತಿ?" ಎಂದು ಜಗಳ ತೆಗೆಯುವಳು. "ಮನ್ಯಾಗ ಅದೀನಲ್ಲ, ಎಲ್ಲಿಗೆ ಓಡಿ ಹೋಗ್ತೀನಿ?" ಎಂದು ನಾನೂ ದಬಾಯಿಸುತ್ತಿದ್ದೆ.

ಮೂವತ್ತೊಂದು ವರ್ಷದ ಹಿಂದೆ ಐದನೇ ಕೊಳವೆ ಕುಸಿಯಿತು. ಒಳಗೆ ಹನ್ನೆರಡು ಜನರಿದ್ದರು, ದುರುಗವ್ವನೂ ಇದ್ದಳು. ಅದೇ ಧೂಳು ಹೊಕ್ಕು ಕೂಗುಯಂತ್ರವೂ ಸತ್ತಿತು. ಒಳಗಿನಿಂದ ಒಂದು ಮಾತೂ ಬರಲಿಲ್ಲ ಎಂದೇ ಹನ್ನೆರಡು ಮನೆಯವರೂ ತಿಳಿದೆವು.

ಸತ್ತ ಯಂತ್ರ ತಾನಿನ್ನೂ ಬದುಕಿದ್ದೇನೆಂದು ನಂಬುವಂತೆ ಇನ್ನೊಂದು ಯಂತ್ರದೊಳಗೆ ಅದರ ನಕಲು ಕಟ್ಟುವುದು ನಮ್ಮ ಕಸುಬು. ಹಿಂದಿನವರು ಇದನ್ನೇ ಎಮ್ಯುಲೇಟರ್ ಎನ್ನುತ್ತಿದ್ದರಂತೆ. ನಕಲಿನ ಮೆಮೊರಿಯಲ್ಲಿ ಯಾವ ಜಾಗ ಯಾವ ಬಗೆಯದು ಎಂದು ಕಡತದಲ್ಲಿ ಬರೆದಿಡುವುದು ನನ್ನ ಕೆಲಸ. ಬರೆದು ಅಳಿಸಿ ಮತ್ತೆ ಬರೆಯಬಹುದಾದದ್ದು ಪಾಟಿಜಾಗ. ಓದಲು ಮಾತ್ರ ಬರುವುದು ಶಾಸನಜಾಗ. ಇನ್ನು ಕದಜಾಗ: ನೋಡಲು ಪಾಟಿಯಂತೆಯೇ ಇರುತ್ತದೆ, ಆದರೆ ಅಲ್ಲಿ ಮೆಮೊರಿಯೇ ಇಲ್ಲ. ಅದನ್ನು ಓದಿದರೆ ಕದ ತಟ್ಟಿದಂತೆ. ಆಚೆ ಇರುವುದು ಎದ್ದು ಬಂದು ಏನಾದರೂ ಮಾಡುತ್ತದೆ. ಕೊನೆಯದು ಮೀಸಲುಜಾಗ, ನಕಲು ಅದನ್ನು ಮುಟ್ಟಕೂಡದು.

ಕೂಗುಯಂತ್ರದ ಎಲ್ಲವನ್ನೂ ನಕಲು ಮಾಡಿದೆವು, ಒಂದು ಹಳೆಯ ಚಿಪ್ ಬಿಟ್ಟು. ಅದರ ಒಳಗುಟ್ಟು ಯಾರಿಗೂ ತಿಳಿಯದೆ ಆ ಚಿಪ್ಪನ್ನೇ ತಂತಿ ಕಟ್ಟಿ ನಕಲಿಗೆ ಜೋಡಿಸಿದೆವು. ಅದರ ವಿಳಾಸದ ಎದುರು ನಾನು ಪಾಟಿಜಾಗ ಎಂದು ಬರೆದೆ. ಮಗಳು ಹೋಗಿ ಇಪ್ಪತ್ತೇ ದಿನವಾಗಿತ್ತು, ತಲೆ ನೆಟ್ಟಗಿರಲಿಲ್ಲ ಎನ್ನಬಹುದು. ಎನ್ನುವುದಿಲ್ಲ. ಆಚೀಚೆ ಇದ್ದವೆಲ್ಲ ಪಾಟಿಜಾಗಗಳು, ಇದೂ ಅದೇ ಇರಬೇಕು ಎಂದುಕೊಂಡೆ, ಅಷ್ಟೇ.

ಪ್ರತಿ ಅಮಾವಾಸ್ಯೆಯ ಬೆಳಗ್ಗೆ ನಕಲನ್ನು ಗುಡಿಸುವ ಪದ್ಧತಿಯಿದೆ. ಕದಜಾಗ, ಮೀಸಲುಜಾಗ ಬಿಟ್ಟು ಉಳಿದೆಲ್ಲ ಜಾಗಗಳನ್ನೂ ಮೊದಲಿಂದ ಕೊನೆಯವರೆಗೆ ಒಮ್ಮೆ ಓದಿ, ಕೆಟ್ಟಿಲ್ಲವೆಂದು ನೋಡಿ, ಓದಿದ್ದನ್ನು ಚೆಲ್ಲುವುದೇ ಗುಡಿಸುವುದು. ಪಾಟಿಜಾಗದಲ್ಲಿ ತಿಂಗಳು ತಿಂಗಳಿಗೆ ಬೇರೆ ಬೇರೆ ಕಂಡರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹನ್ನೊಂದು ಅಮಾವಾಸ್ಯೆ ಗುಡಿಸಿದೆ. ಹನ್ನೆರಡನೆಯದರ ಬೆಳಗ್ಗೆ ಗುಡಿಸಿದಾಗಲೆಲ್ಲ ಸಣ್ಣ ಅಂಕಿಗಳನ್ನಷ್ಟೇ ಬರೆದಿಟ್ಟ ಹಳೆಯ ಚೀಟಿಗಳನ್ನು ಜೋಡಿಸುತ್ತಿದ್ದಾಗ ಆ ಚಿಪ್ಪಿನ ಪಕ್ಕದ ವಿಳಾಸದ ಅಂಕಿಯೊಂದು ಕಣ್ಣಿಗೆ ಬಿತ್ತು. ಮೊದಲ ತಿಂಗಳು ಹನ್ನೊಂದು. ಆಮೇಲೆ ಹತ್ತು, ಒಂಬತ್ತು. ಹಿಂದಿನ ತಿಂಗಳು ಒಂದು. ನಾನು ಮುಟ್ಟುವ ಮೊದಲು ಎಷ್ಟಿದ್ದಿರಬೇಕೆಂದು ತಿಳಿಯಲು ಹೊತ್ತು ಬೇಕಾಗಲಿಲ್ಲ. ಜೊತೆಗಾರ ಹುಸೇನಸಾಬರು ಆಗಲೇ ಗುಡಿಸಲು ಕುಳಿತಿದ್ದರು. "ಅಯ್ಯಯ್ಯೋ, ನಿಲ್ಸಣ್ಣಾ!" ಎಂದು ಕಿರುಚಿ ಅವರ ಕೈ ಹಿಡಿದುಕೊಂಡೆ.

ಅದು ಕದಜಾಗ. ಯಂತ್ರ ಸತ್ತರೂ ಚಿಪ್ಪಿನ ಬ್ಯಾಟರಿ ಸತ್ತಿರಲಿಲ್ಲ. ಕುಸಿದ ಕೊಳವೆಯೊಳಗಿಂದ ಹನ್ನೆರಡು ಜನರೂ ಒಂದೊಂದು ಸಲ ಮಾತಾಡಿದ್ದರು, ಅದು ಹಿಡಿದಿಟ್ಟುಕೊಂಡಿತ್ತು. ಓದಿದವರಿಗೆ ಒಂದನ್ನು ಕೊಡುತ್ತದೆ, ಕೊಟ್ಟದ್ದನ್ನು ಮರೆಯುತ್ತದೆ. ಹನ್ನೊಂದು ಮಂದಿಯ ಕೊನೆಯ ಮಾತನ್ನು ನಾನು ಕೈಯಾರೆ ಗುಡಿಸಿ ಚೆಲ್ಲಿದ್ದೆ.

ಹನ್ನೆರಡು ಮನೆಯವರೂ ಬಂದರು. "ನಿನ್ನ ಕೈಗೆ ಹುಳಾ ಬೀಳ್ಲಿ" ಎಂದವರುಂಟು, ಸರಿಯಾಗಿಯೇ ಅಂದರು. ಉಳಿದ ಒಂದನ್ನು ಓದೋಣ, ಈ ಸಲ ಹಿಡಿದಿಟ್ಟುಕೊಳ್ಳೋಣ ಎಂದೆ. ಹುಸೇನಸಾಬರ ಹೆಂಡತಿಯೂ ಆ ಹನ್ನೆರಡರಲ್ಲಿ ಒಬ್ಬಳು. ಅವರೇ ತಡೆದರು. "ಬ್ಯಾಡ ತಂಗಿ. ಈಗ ಹನ್ನೆರಡೂ ಮನಿಯವರು ಅದು ನಮ್ಮದ ಅಂತ ತಿಳ್ಕೊಂಡಾರ. ಓದಿದ್ರ ಒಂದ ಮನಿದು ಆಕ್ಕೈತಿ. ಉಳದವ್ರಿಗೆ ಏನ್ ಹೇಳ್ತಿ?" ಆ ದನಿಗಳ ಗುರುತಿದ್ದವರು ಒಬ್ಬರಾದರೂ ಬದುಕಿರುವ ತನಕ ಓದಬಾರದು ಎಂದಾಯಿತು. ಗುಡಿಸುವಾಗ ಯಾರ ಕೈಯೂ ತಾಗದಿರಲೆಂದು ಆ ವಿಳಾಸದ ಎದುರು ಮೀಸಲುಜಾಗ ಎಂದು ತಿದ್ದಿದೆ. ಕಡತದಲ್ಲಿ ನಾನು ತಿಳಿದೂ ತಿಳಿದೂ ಬರೆದ ಸುಳ್ಳು ಅದೊಂದೇ.

ಹೋದ ಆಷಾಢದಲ್ಲಿ ಹುಸೇನಸಾಬರು ತೀರಿಕೊಂಡರು. ಗುರುತಿದ್ದವರಲ್ಲಿ ಉಳಿದವಳು ನಾನೊಬ್ಬಳೇ. ಈಗ ಓದಿದರೆ ಬೇಡ ಎನ್ನುವವರಿಲ್ಲ. ದಿನಾ ಹೋಗಿ ಪಕ್ಕದ ಅಂಕಿಯನ್ನಷ್ಟೇ ನೋಡಿ ಬರುತ್ತೇನೆ. ಒಂದು. ಅದು ದುರುಗವ್ವನದಲ್ಲದಿದ್ದರೆ, ಯಾವುದೋ ಅಮಾವಾಸ್ಯೆಯ ಬೆಳಗ್ಗೆ ಅವಳನ್ನು ನಾನೇ ಚೆಲ್ಲಿದೆ ಎಂದಾಗುತ್ತದೆ. ಹೆದರಿಕೆಯಾಗುತ್ತದೆ, ಓದಲಾರೆ.

ನಿಮಗೆ ನಮ್ಮ ಯಾರ ದನಿಯೂ ಗೊತ್ತಿಲ್ಲ, ಅದಕ್ಕೇ ನಿಮ್ಮನ್ನು ಬೇಡಿಕೊಳ್ಳುತ್ತೇನೆ. ನಾನು ಹೋದ ಮೇಲೆ ಕಡತದ ಹದಿನೇಳನೇ ಪುಟದಲ್ಲಿ ಮೀಸಲುಜಾಗ ಎಂಬುದನ್ನು ಹೊಡೆದು ಕದಜಾಗ ಎಂದು ಬರೆಯಿರಿ. ಬ್ಯಾಟರಿ ಎಷ್ಟು ಕಾಲ ತಡೆದೀತೋ ತಿಳಿಯದು, ತಡ ಮಾಡಬೇಡಿ. ಕೇರಿಯವರನ್ನೆಲ್ಲ ಕೂರಿಸಿಕೊಂಡು, ಮಾತನ್ನು ಹಿಡಿದಿಡುವ ಏರ್ಪಾಟು ಮಾಡಿಕೊಂಡು, ಆಮೇಲೆ ಓದಿ. ದನಿ ಯಾರದೇ ಇರಲಿ, ಯಾರನ್ನೇ ಕರೆಯಲಿ, ಅದು ಎರಡನೇ ಸಲ ಕೂಗುವುದಿಲ್ಲ. ಮೊದಲನೇ ಕೂಗಿಗೇ ಓ ಎನ್ನಿ.