ಇಸ್ಕಿಯೆರ್ದೊ, ಅಂದರೆ ಎಡ

ಸೊರಿಯ, ಫೆಬ್ರುವರಿ ೧೧, ಮಂಗಳವಾರ

ಬೆನ್ನು ಬಿದ್ದುಹೋಗಿದೆ. ಲಕ್ವ ಹೊಡೆದು ಅಪ್ಪನ ಬಲಗೈ ಹೋದಾಗಿನಿಂದ ಮೂರು ಹೊತ್ತೂ ನಾನೇ ಉಣ್ಣಿಸಬೇಕು. ಇವತ್ತು ಬೆಳ್ಳುಳ್ಳಿ ಸಾರು ಆರಿಹೋಗುತ್ತಿತ್ತು.

"ಎಡಗೈ ನೆಟ್ಟಗಿದೆಯಲ್ಲಪ್ಪ, ಅದರಲ್ಲೇ ಕುಡಿ" ಅಂದೆ.

"ಅದು ಸೈತಾನನ ಕೈ ಕಣೇ. ನಾನು ಹುಟ್ಟಾ ಎಡಚ ಅಂತ ಶಾಲೇಲಿ ಪಾದ್ರಿ ಅದನ್ನ ಬೆಂಚಿಗೆ ಕಟ್ಟಿಹಾಕ್ತಿದ್ದ."

ನೋಡಲು ಬಂದಿದ್ದ ಪಕ್ಕದ ಮನೆಯ ಇತ್ಸಿಯಾರ್ ಟೀಚರ್ ನಕ್ಕರು. ಅವರು ಬಾಸ್ಕ್ ಸೀಮೆಯವರು, ಅವರ ಭಾಷೆಯೇ ಬೇರೆ.

"ಎಡ ಅನ್ನೋಕೆ ನಿಮ್ಮ ಸ್ಪ್ಯಾನಿಷ್‌ನ ಹಳೇ ಪದ 'ಸಿನಿಯೆಸ್ತ್ರೊ'. ಅದಕ್ಕೆ ಅಪಶಕುನ ಅನ್ನೋ ಅರ್ಥ ಅಂಟಿಕೊಳ್ತು. ಹೆದರಿಕೊಂಡು ನಮ್ಮ 'ಎಸ್ಕೆರ್' ಎರವಲು ತಂದ್ರಿ. ಅದೇ 'ಇಸ್ಕಿಯೆರ್ದೊ' ಆಯ್ತು. ಪದ ಬಳಸ್ತೀರಿ, ಕೈ ಬಳಸೋಕೇನು ಧಾಡಿ, ಎವಾರಿಸ್ತೊ?"

ಅವರು ಹೋದಮೇಲೆ ಅಪ್ಪ ಎಡಗೈಯಿಂದ ಮೆಲ್ಲಗೆ ಚಮಚ ಎತ್ತಿದ. ಎದೆಯ ಮೇಲೆ ಒಂದಿಷ್ಟು ಚೆಲ್ಲಿತು. ಎರಡನೇ ಚಮಚ ನನ್ನ ಬಾಯಿಯ ಹತ್ತಿರ ಹಿಡಿದು, "ಕುಡಿ, ಸೋತುಹೋಗಿದ್ದೀಯ" ಅಂದ.