ಹುಲಿದೇವರ ಗೇಟು

ಠಾಣೆ
8 ನವೆಂಬರ್ 1983

ಪ್ರೀತಿಯ ಜಲಜಕ್ಕಾ,

ತಮ್ಮ ತಾರಾನಾಥನ ನಮಸ್ಕಾರ. ನಿನ್ನ ಪತ್ರಗಳಿಗೆ ಉತ್ತರಿಸದ ಅಪರಾಧವನ್ನು ಆಮೇಲೆ ವಿಚಾರಿಸು, ಅದಕ್ಕಿಂತ ಘೋರವಾದದ್ದೊಂದಿದೆ. ಬಿ.ಎ. ಓದಿದ ನಾನು, ಈ ಹೌಸಿಂಗ್ ಸೊಸೈಟಿಯ ಗೌರವ ಕಾರ್ಯದರ್ಶಿ, ಕಳೆದ ವಾರ ಒಂದು ಜೀವಂತ ಹುಂಜವನ್ನು ಆಫೀಸಿನ ರೆಕ್ಸಿನ್ ಚೀಲದಲ್ಲಿ ಅಡಗಿಸಿ ಕಾಂಪೌಂಡಿನೊಳಗೆ ಕಳ್ಳಸಾಗಣೆ ಮಾಡಿದೆ. ಕೋಪರಿಯ ಪೇಟೆಯಿಂದ ಬಸ್ಸಿನಲ್ಲಿ ಅದು ನನ್ನ ತೊಡೆಯ ಮೇಲೆ ಸಭ್ಯ ಗುಮಾಸ್ತನಂತೆ ಕೂತಿತ್ತು.

ನಮ್ಮ ಕಟ್ಟಡ ಗುಡ್ಡದ ಬುಡದಲ್ಲಿದೆ ಎಂದು ಬರೆದಿದ್ದೆನಲ್ಲ? ಗುಡ್ಡದ ಮೇಲೆ ವಾರಲಿ ಆದಿವಾಸಿಗಳ ಪಾಡಾ, ಅಂದರೆ ಅವರ ಹಾಡಿ. ಅವರ ಹುಲಿದೇವರು ವಾಘೋಬಾ, ಹುಲಿ ಕೆತ್ತಿದ ಒಂದು ಮರದ ಹಲಗೆ, ಅಜ್ಜಂದಿರ ಕಾಲದಿಂದ ಇಲ್ಲಿನ ಮಾವಿನ ಮರದಡಿ ನಿಂತಿದ್ದಾನೆ. ನಾವು ಬಂದು ಅವನ ಸುತ್ತ ಗೋಡೆ ಎಬ್ಬಿಸಿದೆವು. ಸಾಲದ್ದಕ್ಕೆ, ನಮ್ಮವರು ಭಕ್ತಿಯಿಂದ ಸಿಂಧೂರ ತೊಳೆದು, ಬಚ್ಚಲಿಗೆ ತಂದು ಮಿಕ್ಕಿದ ಬಿಳಿ ಟೈಲ್ಸನ್ನು ದೇವರ ಸುತ್ತ ಅಂಟಿಸಿದರು. ವಾರಲಿಗಳು ಸಿಟ್ಟಿಗೆದ್ದು ಗೋಡೆ ಒಡೆದರು. ನಮ್ಮವರು ಪೊಲೀಸರನ್ನು ಕರೆದರು. ಸೊಸೈಟಿ ಕಟ್ಟಿದೆವು ಅಕ್ಕಾ, ಸಮಾಜ ಕಟ್ಟಲಿಲ್ಲ.

ವರ್ಷವಿಡೀ ಮೇಲೆ ಕೆಳಗೆ ಓಡಾಡಿದವನು ನಾನು. ಎರಡೂ ಕಡೆಯವರು ನಂಬುವ ಒಬ್ಬನೇ ಮನುಷ್ಯ ನಾನೆಂದು ಹೆಂಡತಿ ಪ್ರಫುಲ್ಲಾಳ ಹತ್ತಿರ ದಿನಾ ಜಂಬ ಕೊಚ್ಚುತ್ತಿದ್ದೆ. ಅಂತೂ ಒಪ್ಪಂದವಾಯಿತು: ದೀಪಾವಳಿಗೆ ಮುಂಚಿನ ವಾಘಬಾರಸದ ದಿನ, ಅಂದರೆ ಹುಲಿಪೂಜೆಯ ದಿನ, ವಾರಲಿಗಳಿಗೆ ಕಾಂಪೌಂಡಿನ ಗೇಟು ತೆರೆಯುವುದು. ಈ ಸಲ ಸುಸೂತ್ರವಾದರೆ ಪ್ರತಿ ವರ್ಷವೂ ತೆರೆಯುವುದು.

ಆದರೆ ಅಧ್ಯಕ್ಷ ಮಧ್ವರಾಜರ ಷರತ್ತು: "ತೆಂಗಿನಕಾಯಿ ಒಡೀಲಿ ಮಾರಾಯ್ರೆ, ರಕ್ತ ಮಾತ್ರ ಬೇಡ. ಮಕ್ಕಳು ಆಡುವ ಜಾಗ." ಭಾನುವಾರ ಅವರ ಮನೆಯ ಕೋಳಿಸಾರಿನ ಪರಿಮಳ ಮೂರು ಮಾಳಿಗೆ ಇಳಿಯುತ್ತದೆ, ಅದಕ್ಕೆ ಷರತ್ತಿಲ್ಲ.

ವಾರಲಿಗಳ ಹಿರಿಯ ಬುಧ್ಯಾ ನಕ್ಕುಬಿಟ್ಟ. "ವಾಘ ನಾರಳ ಖಾತೋ ಕಾ, ಸಾಹೇಬ?" ಹುಲಿ ತೆಂಗಿನಕಾಯಿ ತಿನ್ನುತ್ತದೆಯೇ? ಊರಿನ ನಮ್ಮ ಮನೆಯ ಪಿಲಿಚಾಮುಂಡಿಯೂ ಹುಲಿದೈವವೇ, ನೇಮೋತ್ಸವದ ದಿನ ನನ್ನ ಅಕ್ಕ, ಅಂದರೆ ನೀನೇ, ಬಲಿಯ ಹುಂಜ ಹಿಡಿದು ನಿಲ್ಲುತ್ತೀ ಎಂದು ಅವನಿಗೆ ಹೇಳಿದೆ. ಅವನ ಮುಖ ಅರಳಿತು. "ಹಾಗಾದರೆ ನೀವು ನಮ್ಮವರೇ" ಎಂದ. ನನಗೆ ಎಷ್ಟು ಹುರುಪು ಬಂತೆಂದರೆ, "ಈ ಸಲದ ಹುಂಜ ನನ್ನದು. ಯಾರಾದರೂ ಕೇಳಿದರೆ ನಾನೇ ಎದುರು ನಿಂತು ಹೇಳುತ್ತೇನೆ" ಎಂದು ಮಾತು ಕೊಟ್ಟೆ.

ಆ ದಿನ ಬೆಳಗ್ಗೆ ಎಲ್ಲರೂ ಸೇರಿದರು. ಕುರ್ಚಿಗಳಲ್ಲಿ ನಮ್ಮವರು, ನೆಲದಲ್ಲಿ ಅವರು. ಅದನ್ನು ಸರಿಪಡಿಸಲು ಯಾರಿಗೂ ತೋಚಲಿಲ್ಲ. ನಾನು ಚೀಲವನ್ನು ಮರದ ಬುಡದಲ್ಲಿ, ಬುಧ್ಯಾನ ಪಕ್ಕದಲ್ಲಿಟ್ಟೆ. ಮಧ್ವರಾಜರು "ನಾವೆಲ್ಲ ಒಂದೇ" ಎಂದು ಭಾಷಣ ತೆಗೆದರು. "ಒಂದೇ" ಎನ್ನುವಷ್ಟರಲ್ಲಿ ಚೀಲ ಕೂಗಿತು.

"ಎಂತ ಇದು? ಸೊಸೈಟಿಯಾ, ಕೋಳಿ ಅಂಕದ ಕಣವಾ? ಯಾರದ್ದು ಈ ಹುಂಜ?" ಮಧ್ವರಾಜರು ಗುಡುಗಿದರು.

ಒಪ್ಪಂದ ಅಲ್ಲಿಗೇ ಮುಗಿಯಿತು. ಪೂಜೆ ಆಗಲಿಲ್ಲ. ಇನ್ನು ಗೇಟು ತೆರೆಯಬಾರದೆಂದು ಅಂದು ಸಂಜೆಯೇ ಕಮಿಟಿ ಠರಾವು ಮಾಡಿತು. ಅದರ ಕೆಳಗೆ ಕಾರ್ಯದರ್ಶಿಯ ಸಹಿ, ಅಂದರೆ ನನ್ನದು. ಒಂದು ವರ್ಷದ ಓಡಾಟ ನೀರಿನಲ್ಲಿ ಹೋಮ. ಇವರಿಗೆ ಹೇಳಿದರೆ ಕಿವಿಯಿಲ್ಲ, ಅವರಿಗೆ ಹೇಳೋಣವೆಂದರೆ ಗುಡ್ಡ ಹತ್ತಲು ನನಗೆ ಮುಖವಿಲ್ಲ. ತಲೆ ಚಚ್ಚಿಕೊಳ್ಳೋಣವೆಂದರೆ ಗೋಡೆಯೂ ನಾವೇ ಕಟ್ಟಿದ್ದು.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ದೈವದ ಮುಂದೆ ನನ್ನ ಪರವಾಗಿಯೂ ಒಮ್ಮೆ ಕೈಮುಗಿ.

ನಿನ್ನ ತಮ್ಮ,
ತಾರಾನಾಥ

ಮತ್ತೆ ಬರೆದದ್ದು: ಹುಂಜ ಯಾರದ್ದೆಂದು ಕೇಳಿದಾಗ ನಾನೇನು ಹೇಳಿದೆ ಎಂದು ನೀನು ಕೇಳಿಯೇ ಕೇಳುತ್ತೀ. ಬುಧ್ಯಾ ನನ್ನನ್ನೇ ನೋಡುತ್ತಿದ್ದ. ನಾನು ಬೆರಳೆತ್ತಿ ಅವನನ್ನು ತೋರಿಸಿದೆ. ಅವನು ಹುಂಜವನ್ನು ಹೊರತೆಗೆದು, ಕಂಕುಳಲ್ಲಿಟ್ಟುಕೊಂಡು, ತನ್ನವರನ್ನು ಕರೆದುಕೊಂಡು ನಡೆದ. ಗೇಟಿನ ಹತ್ತಿರ ಚೀಲ ಕೊಡವಿ ನನ್ನತ್ತ ಚಾಚಿ, ಮೆಲ್ಲಗೆ, "ಸಾಹೇಬ, ಚೀಲವಾದರೂ ನಿಮ್ಮದು ತಾನೇ?" ಎಂದ.

ಅದನ್ನೂ ಆಚೀಚೆ ನೋಡಿ ತೆಗೆದುಕೊಂಡೆ, ಅಕ್ಕಾ.