ಟೆಂಟಿನಲ್ಲಿ ಅಮ್ಮ ಕಾದದ್ದು

೧೬ ನವೆಂಬರ್ ೧೯೬೩, ಶನಿವಾರ
ಯಲಹಂಕ

ಅಮ್ಮ ಕೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ.

ನಾನು ಪಾತ್ರ ಮಾಡಿದ ಸಿನಿಮಾ ಕಡೆಗೂ ನಮ್ಮೂರಿನ ಟೆಂಟಿಗೆ ಬಂದಿದೆ. ಸಂಜೆ ಅಮ್ಮನನ್ನು ಕೈ ಹಿಡಿದು ಕರೆದುಕೊಂಡು ಹೋದೆ. ಕಣ್ಣಿಗೆ ಪೊರೆ ಬಂದ ಮೇಲೆ ಅವಳ ಪಾಲಿಗೆ ನಾನೆಂದರೆ ಬರೀ ದನಿ. ರೇಡಿಯೋ ನಾಟಕದಲ್ಲಿ ನಾನು ಸುಮ್ಮನೆ ಕೆಮ್ಮಿದರೂ ಸಾಕು, "ನಮ್ ಲಕ್ಕಣ್ಣ" ಅಂದುಬಿಡುತ್ತಾಳೆ.

ಪರದೆಯ ಮೇಲೆ ಮುದುಕ ಶಾನುಭೋಗನಾಗಿ ಬಂದೆ, ಬಾಯಿ ತೆರೆದೆ. ಕೇಳಿದ್ದು ಬೇರೆ ಯಾರದೋ ದನಿ. ಚಿತ್ರಕ್ಕೆ ಮಾತು ಸೇರಿಸುವ ಡಬ್ಬಿಂಗ್ ದಿನ ಮದರಾಸಿಗೆ ಹೋಗಲು ನನಗಾಗಿರಲಿಲ್ಲ, ಇಲ್ಲಿ ರೇಡಿಯೋ ನಾಟಕವಿತ್ತು. ನನಗೆ ತಿಳಿಸದೆ ಇನ್ನೊಬ್ಬನಿಂದ ಹೇಳಿಸಿಬಿಟ್ಟಿದ್ದಾರೆ. ಅಮ್ಮ ಮಾತ್ರ ಕೊನೆಯವರೆಗೂ ಕತ್ತು ಮುಂದೆ ಚಾಚಿಕೊಂಡೇ ಕೂತಿದ್ದಳು.

"ಯಾಕಪ್ಪ, ನೀನ್ ಬರ್ಲೇ ಇಲ್ವಲ್ಲ?"

ವಾಪಸು ಬರುವಾಗ ಕೆರೆ ಏರಿಯ ಮೇಲೆ ನಿಂತು ಶಾನುಭೋಗನ ಮಾತನ್ನೆಲ್ಲ ನಾನೇ ಹೇಳಿದೆ. ಕಂಪನಿ ನಾಟಕದಲ್ಲಿ ಕಡೇ ಸಾಲಿನವರಿಗೂ ಕೇಳುವಂತೆ ಹೇಳುತ್ತಿದ್ದೆವಲ್ಲ, ಹಾಗೆ. ಆಗ ಜನ ಒನ್ಸ್‌ಮೋರ್ ಎಂದು ಕೂಗಿದರೆ ಸತ್ತು ಬಿದ್ದವನೂ ಎದ್ದು ಮತ್ತೊಮ್ಮೆ ಹೇಳಿ ಸಾಯಬೇಕಿತ್ತು. ಆ ಕೂಗು ಕೇಳಿ ಎಷ್ಟು ವರ್ಷವಾಯಿತೋ. ರೇಡಿಯೋದ ಮುಚ್ಚಿದ ಕೋಣೆಯಲ್ಲಿ ಯಾರು ಕೂಗುತ್ತಾರೆ, ಕ್ಯಾಮೆರಾದ ಮುಂದೆ ಯಾರು ಕೂಗುತ್ತಾರೆ.

ಅಮ್ಮ ನನ್ನ ತೋಳು ತಡವಿ, "ಇವಾಗ ಬಂದೆ ನೋಡು," ಅಂದಳು.

ನಾಲ್ಕು ಹೆಜ್ಜೆ ನಡೆದು ಮತ್ತೆ ನಿಂತಳು.

"ಇನ್ನೊಂದ್ಸಲ ಅನ್ನಪ್ಪ."